ಬೋರ್ಡಲ್ಲಿ 45 ನಿಮಿಷ ಅಂತ ಹಾಕಿದಾರೆ ಅಂತ ನಂಬಿ ಮಕ್ಕಳನ್ನ ಲೈನಲ್ಲಿ ನಿಲ್ಲಿಸ್ಬೇಡಿ

ರಜೆ ಬಂತು ಅಂದ್ರೆ ಎಲ್ರೂ ಥೀಮ್ ಪಾರ್ಕ್ ಪ್ಲಾನ್ ಹಾಕ್ತೀರ ಅಂತ ಗೊತ್ತು, ಅದಕ್ಕೇ ಇದನ್ನ ಬರೀತಿದೀನಿ. ಹೋದ ವಾರ ನಾನು, ಹೆಂಡ್ತಿ, ನಮ್ಮಕ್ಕ, ಅಕ್ಕನ ಮಗ, ನನ್ನ ಮಗಳು ಐದು ಜನ ಹೋಗಿದ್ವಿ. ಪಾರ್ಕ್ ಹೆಸರು ಹೇಳಲ್ಲ, ಇದು ಎಲ್ಲಿ ಬೇಕಾದ್ರೂ ಆಗೋ ಕಥೆ. ಬೆಳಗ್ಗೆ 11ಕ್ಕೆ ಒಳಗೆ ಹೋಗಿ ಸಂಜೆ 6ಕ್ಕೆ ಹೊರಗೆ ಬಂದ್ವಿ, ಏಳು ಗಂಟೇಲಿ ನಾವು ಹತ್ತಿದ್ದು ಮೂರು ರೈಡ್. ಮೂರೇ. ಮೂರನ್ನೂ ಕೂಡಿಸಿದ್ರೆ ಹತ್ತು ನಿಮಿಷ ಆಗಲ್ಲ, ಮಿಕ್ಕಿದ್ದೆಲ್ಲ ಕಂಬಿ ಹಿಡ್ಕೊಂಡು ನಿಂತಿದ್ದೇ.

ವಾರದ ಮಧ್ಯೆ ಹೋದ್ರೆ ಖಾಲಿ ಇರತ್ತೆ ಅಂತ ಎಲ್ರೂ ಹೇಳ್ತಾರಲ್ಲ, ನಾವೂ ಅದನ್ನೇ ನಂಬಿ ಬುಧವಾರ ಹೋಗಿದ್ದು. ಗೇಟ್ ಹತ್ರ ಹೋದ್ರೆ ಸಾಲಾಗಿ ಸ್ಕೂಲ್ ಬಸ್ಸು! ಸ್ಕೂಲ್ ಟ್ರಿಪ್ ಬರೋದೇ ವಾರದ ದಿನ ಅನ್ನೋದು ನಮ್ ತಲೆಗೆ ಹೊಳ್ದೇ ಇರ್ಲಿಲ್ಲ.

ಸರಿ, ಮಕ್ಕಳು ಒಂದೇ ಹಟ, ಮೊದ್ಲು ದೊಡ್ಡ ರೋಲರ್ ಕೋಸ್ಟರ್. ಲೈನ್ ಬಾಯಲ್ಲಿ ಬೋರ್ಡು, 45 ನಿಮಿಷ. ನೋಡೋಕೆ ಲೈನೂ ಅಂಥಾ ಉದ್ದ ಅನ್ನಿಸ್ಲಿಲ್ಲ, ನಿಂತ್ವಿ. ಆಗ 11:10. ಆಮೇಲೆ ಗೊತ್ತಾಯ್ತು, ಹೊರಗೆ ಕಾಣೋದು ಲೈನಿನ ಬಾಲ ಅಷ್ಟೇ, ಗೋಡೆ ದಾಟಿದ್ ಮೇಲೆ ಒಳಗೆ ಹಾವಿನ ಥರ ಅಂಕುಡೊಂಕಾಗಿ ಆರು ಸುತ್ತು ಇದೆ. ಅಷ್ಟೊತ್ತಿಗೆ ಅರ್ಧ ಗಂಟೆ ಆಗೋಗಿತ್ತು, ನಿಂತಿದ್ದು ನಿಂತಾಯ್ತು, ಈಗ ಬಿಟ್ಟೋದ್ರೆ ಅರ್ಧ ಗಂಟೆ ದಂಡ ಅಂತ ಅಲ್ಲೇ ನಿಂತ್ವಿ. ನಾವ್ ಮಾಡಿದ ದೊಡ್ಡ ತಪ್ಪು ಅದೇ.

ಒಂದು ಗಂಟೆ ಆದ್ಮೇಲೆ ಮಗಳು ಚೈನ್ ಮೇಲೆ ನೇತಾಡೋದನ್ನ ಬಿಟ್ಟು ನೆಲದ ಮೇಲೇ ಕೂತ್ಬಿಟ್ಲು. ಅಕ್ಕನ ಮಗ ‘ಮಾಮಾ, ಟಾಯ್ಲೆಟ್’ ಅಂದ. ಹಿಂದೆ ನೋಡಿದ್ರೆ ಜನ ಜಾಗ ಬಿಡೋ ಥರ ಇರ್ಲಿಲ್ಲ, ಹೇಗೋ ಎಲ್ರಿಗೂ ಸಾರಿ ಸಾರಿ ಅಂತ ಅಕ್ಕ ಅವನನ್ನ ಕರ್ಕೊಂಡು ಹೋಗಿ ವಾಪಸ್ ಬರೋವಾಗ ಒಬ್ರು ಲೈನ್ ಮಧ್ಯೆ ನುಗ್ತೀರಾ ಅಂತ ಜಗಳಕ್ಕೇ ಬಂದ್ರು. ಅವರದ್ದೂ ತಪ್ಪಲ್ಲ, ಬಿಡಿ, ಅವರೂ ಅಷ್ಟೇ ಹೊತ್ತಿಂದ ನಿಂತಿದ್ರು.

ಬೇರೆ ಕೆಲಸ ಇಲ್ವಲ್ಲ, ಪ್ಲಾಟ್‌ಫಾರ್ಮ್ ಕಾಣೋ ಜಾಗಕ್ಕೆ ಬಂದ್ಮೇಲೆ ಎಣಿಸೋಕೆ ಶುರು ಮಾಡಿದೆ. ಒಂದು ರೈಲಿಗೆ 24 ಸೀಟು. ಓಡ್ತಾ ಇದ್ದಿದ್ದು ಒಂದೇ ರೈಲು, ಇನ್ನೊಂದು ಪಕ್ಕದ ಹಳಿ ಮೇಲೆ ಸುಮ್ನೆ ನಿಂತಿತ್ತು. ಇಳಿಸಿ, ಹತ್ತಿಸಿ, ಬೆಲ್ಟ್ ಎಳ್ದು ನೋಡಿ, ಸುತ್ತು ಹೊಡ್ದು ಬರೋಕೆ ಒಂದ್ಸಲಕ್ಕೆ ನಾಲ್ಕು ನಿಮಿಷ, ಅಂದ್ರೆ ಗಂಟೆಗೆ 15 ಟ್ರಿಪ್, 360 ಜನ. ಇದರಲ್ಲೇ ಜಾಸ್ತಿ ದುಡ್ಡು ಕೊಟ್ಟು ಫಾಸ್ಟ್ ಲೈನ್ ತಗೊಂಡೋರು ಬೇರೆ ಬಾಗಿಲಿಂದ ಬರ್ತಾ ಇದ್ರು, ಪ್ರತಿ ರೈಲಲ್ಲೂ 18 ಸೀಟು ಅವರಿಗೆ, ಆರು ನಮ್ಮ ಲೈನಿಗೆ. ಗಂಟೆಗೆ ಬರೀ 90 ಜನ! ಲೈನಿನ ಒಂದೊಂದು ಸುತ್ತಲ್ಲಿ ಇಷ್ಟು ಜನ ಅಂತ ಲೆಕ್ಕ ಹಾಕಿದ್ರೆ ನಾವು ಬಂದಾಗ ಮುಂದೆ ಇದ್ದಿದ್ದು ಹತ್ರ ಹತ್ರ 200 ಜನ. ಎರಡು ರೈಲು ಓಡ್ಸಿ ಎರಡು ನಿಮಿಷಕ್ಕೊಂದು ಬಿಟ್ಟಿದ್ರೆ ಗಂಟೆಗೆ 720, ಫಾಸ್ಟ್ ಲೈನಿನ 270 ಕಳೆದ್ರೂ ನಮ್ಮ ಕಡೆಗೆ 450, ಅರ್ಧ ಗಂಟೇಲಿ ಕೆಲಸ ಮುಗೀತಿತ್ತು. ಒಂದು ರೈಲು ನಿಲ್ಲಿಸಿದ್ರೆ ಫಾಸ್ಟ್ ಲೈನಿನೋರಿಗೆ ಏನೂ ಆಗಲ್ಲ, ಹೊಡ್ತ ಪೂರ್ತಿ ಸಾಮಾನ್ಯ ಲೈನಿಗೆ.

ಹಿಂದೆ ಹೀಗಿರ್ಲಿಲ್ಲ. ಡಿಸ್ನಿಯೋರು 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಟಿಕೆಟ್ ಇದ್ದೋರಿಗೆಲ್ಲ ಫ್ರೀ, 2021ರಲ್ಲಿ ಅಮೆರಿಕದ ಪಾರ್ಕ್‌ಗಳಲ್ಲಿ ಅದನ್ನ ತೆಗೆದು ದುಡ್ಡಿಗೆ ಕೊಡೋದು ಶುರು ಮಾಡಿದ್ರು. ಈಗ ಸುಮಾರು ಪಾರ್ಕ್‌ಗಳಲ್ಲಿ ಇದೇ ದಂಧೆ.

ಬೋರ್ಡಿನ ನಂಬರ್ ಬಗ್ಗೆ ಇನ್ನೊಂದು ವಿಷ್ಯ. ಕೆಲವು ಕಡೆ ಲೈನಿನ ಬಾಯಲ್ಲಿ ಯಾರಾದ್ರೊಬ್ಬರ ಕೈಗೆ ಒಂದು ಕಾರ್ಡ್ ಕೊಟ್ಟು, ರೈಡ್ ಹತ್ರ ವಾಪಸ್ ಇಸ್ಕೊಂಡು ಎಷ್ಟೊತ್ತು ಆಯ್ತು ಅಂತ ನೋಡ್ತಾರೆ. ಅಂದ್ರೆ ಆ ನಂಬರ್ ನಿಮ್ಮದಲ್ಲ, ನಿಮಗಿಂತ ಮುಂಚೆ ನಿಂತು ಈಗ ಹತ್ತೋನದ್ದು. ಅವನು ನಿಂತ ಮೇಲೆ ನಾಲ್ಕು ಬಸ್ ಮಕ್ಕಳು ಬಂದ್ರೆ ಬೋರ್ಡಿಗೆ ಗೊತ್ತಾಗೋದು ತಡವಾಗೇ.

1:20ಕ್ಕೆ ನಮ್ಮ ಸರದಿ ಬಂತು. ಎರಡು ಗಂಟೆ ಹತ್ತು ನಿಮಿಷ. ಗೇಟ್ ಹತ್ರ ಒಬ್ಬ ಹುಡುಗ ಅಳತೆ ಕೋಲು ಹಿಡ್ಕೊಂಡಿದ್ದ, 120 ಸೆಂಟಿಮೀಟರ್ ಇರ್ಬೇಕಂತೆ. ಮಗಳ ಎತ್ತರ ಮನೇಲಿ ನಾನೇ ಅಳೆದಿದ್ದೆ, ಸರಿಯಾಗಿ 120. ಆದ್ರೆ ಅಳೆದಿದ್ದು ದಪ್ಪ ಅಡಿಯ ಶೂ ಹಾಕಿ, ಅವತ್ತು ಅವಳು ಹಾಕಿದ್ದು ತೆಳ್ಳಗಿನ ಚಪ್ಪಲಿ. ಕೋಲು ತಲೆ ಮೇಲೆ ಹಾಗೇ ಹಾದು ಹೋಯ್ತು, ಕೂದಲು ಸಹ ತಾಗ್ಲಿಲ್ಲ. ಮಗು ಕಾಲ್ಬೆರಳ ಮೇಲೆ ನಿಂತ್ಕೊಂಡ್ಳು, ಆ ಹುಡುಗ ಪಾಪ ‘ಹಿಮ್ಮಡಿ ಕೆಳಗಿಡು ಪುಟ್ಟಾ’ ಅಂದ. ಅವನ ಮೇಲೆ ನಂಗೆ ಕೋಪ ಇಲ್ಲ, ಎತ್ತರದ ರೂಲ್ ಇರೋದು ಬೆಲ್ಟಿಂದ ಮಗು ಜಾರ್ಬಾರ್ದು ಅಂತ. ಕೋಪ ಇರೋದು ಅದೇ ಕೋಲನ್ನ ಲೈನಿನ ಬಾಯಲ್ಲಿ ಇಡ್ಲಿಲ್ವಲ್ಲ ಅಂತ.

ಹೆಂಡ್ತಿ ಮಗಳ ಜೊತೆ ಉಳ್ಕೊಂಡ್ಳು. ನಾವು ಮೂರು ಜನ ಇಳಿದ್ಮೇಲೆ ಈಗ ಹೆಂಡ್ತೀನ ಬಿಡ್ತೀರಾ ಅಂತ ಕೇಳಿದ್ರೆ, ಅದಕ್ಕೆ ರೈಡರ್ ಸ್ವಾಪ್ ಅಂತ ಇದೆ ಸರ್, ಆದ್ರೆ ಲೈನಿಗೆ ಬರೋ ಮುಂಚೆನೇ ಹೇಳ್ಬೇಕಿತ್ತು ಅಂದ್ರು. ಅಪ್ಪ ಹತ್ತೋವಾಗ ಅಮ್ಮ ಮಗು ನೋಡ್ಕೊಂಡು, ಆಮೇಲೆ ಅಮ್ಮ ಮತ್ತೆ ಲೈನ್ ನಿಲ್ದೇ ಹತ್ತೋದು, ತುಂಬಾ ಪಾರ್ಕ್‌ಗಳಲ್ಲಿ ಇರತ್ತೆ, ಯಾರೂ ತಾವಾಗಿ ಹೇಳಲ್ಲ. ನೀವೇ ಕೇಳಿ.

ಮಧ್ಯಾಹ್ನದ ಕಥೆ ಬೇಗ ಹೇಳ್ತೀನಿ. ಪುಟ್ಟ ಮಕ್ಕಳ ರೈಡ್, ಲೈನ್ ಗಿಡ್ಡ ಅಂತ ನಿಂತ್ರೆ ಒಂದ್ಸಲಕ್ಕೆ 12 ಮಕ್ಕಳು ಮಾತ್ರ, 50 ನಿಮಿಷ. ಇನ್ನೊಂದು ಕಡೆ ಲೈನ್ ಇದರ ಎರಡರಷ್ಟು, ಆದ್ರೆ ನಿಲ್ಲದೇ ಓಡೋ ದೋಣಿ, 20 ನಿಮಿಷಕ್ಕೆ ಹತ್ತಿದ್ವಿ. ನಾಲ್ಕನೇದಕ್ಕೆ ಅರ್ಧ ಲೈನ್ ಮುಗಿಸಿದ್ವಿ, ಗುಡುಗು ಬಂತು, ಬಯಲಲ್ಲಿರೋ ರೈಡ್ ಎಲ್ಲಾ ಬಂದ್. ಯಾವಾಗ ಶುರು ಅಂದ್ರೆ ಹೇಳೋಕಾಗಲ್ಲ ಸರ್.

ಹೋಗೋರಿದ್ರೆ ಗೇಟ್ ತೆಗೆಯೋಕೆ ಅರ್ಧ ಗಂಟೆ ಮುಂಚೆನೇ ಅಲ್ಲಿರಿ, ಮೊದಲ ಒಂದು ಗಂಟೇಲಿ ಆಗೋದು ಮಧ್ಯಾಹ್ನ ಮೂರು ಗಂಟೇಲೂ ಆಗಲ್ಲ. ಕಮ್ಮಿ ಸೀಟಿರೋದನ್ನ ಮೊದ್ಲು ಮುಗ್ಸಿ, ದೋಣಿಯಂಥವು ಮಧ್ಯಾಹ್ನಕ್ಕಿರ್ಲಿ. ಮಕ್ಕಳ ಎತ್ತರ ಬರಿಗಾಲಲ್ಲಿ ಅಳೀರಿ. ಲೈನಿಗೆ ಕಾಲಿಡೋ ಮುಂಚೆ ಐದು ನಿಮಿಷ ಹೊರಗೆ ನಿಂತು ಎಷ್ಟೊತ್ತಿಗೊಂದು ರೈಲು ಹೋಗತ್ತೆ ನೋಡಿ, ಸಿಬ್ಬಂದಿಗೆ ‘ಇವತ್ತು ಎಷ್ಟು ರೈಲು ಓಡ್ತಿದೆ’ ಅಂತ ನೇರವಾಗಿ ಕೇಳಿ, ಹೇಳ್ತಾರೆ.

ಹೊರಗೆ ಬರ್ತಾ ಕೌಂಟರಲ್ಲಿ ಕಂಪ್ಲೇಂಟ್ ಕೊಟ್ಟೆ. ಟಿಕೆಟ್ ಹಿಂದೆ ಓದಿ ಅಂದ್ರು. ಓದಿದೆ, ಕಾಯುವ ಸಮಯ ಅಂದಾಜು ಮಾತ್ರ ಅಂತ ಸಣ್ಣಕ್ಷರದಲ್ಲಿತ್ತು. ಒಂದೇ ರೈಲು ಓಡಿಸ್ತೀವಿ ಅಂತ ಎಲ್ಲಿ ಬರ್ದಿದೀರಿ ಅಂತ ಕೇಳಿದೆ, ಆಕೆ ನಕ್ಕು ಫೀಡ್‌ಬ್ಯಾಕ್ ಫಾರಂ ಕೊಟ್ಳು. ಅದಕ್ಕೂ ಒಂದು ಲೈನ್ ಇತ್ತು, ನಿಲ್ಲದೇ ಬಂದೆ.