ರೇಡಿಯೇಶನ್ ವಿಭಾಗ ಚೆನ್ನಾಗಿದೆ, ಕಾರಣ ಅಲ್ಲಿಯ ಫಿಸಿಸಿಸ್ಟ್
ನಮ್ಮ ಕಾಕಾಗೆ ಗಂಟಲ ಕ್ಯಾನ್ಸರ್. ಕಲಬುರಗಿಯ ಆಸ್ಪತ್ರೆಯೊಂದರಲ್ಲೇ ರೇಡಿಯೇಶನ್ ಕೊಡಿಸಿದೆವು, ಹೈದರಾಬಾದ್‌ಗೋ ಸೊಲ್ಲಾಪುರಕ್ಕೋ ಓಡುವುದು ತಪ್ಪಿತು. ಡಾಕ್ಟರು, ನರ್ಸ್‌ಗಳು ಎಲ್ಲ ಚೆನ್ನಾಗಿ ನೋಡಿಕೊಂಡರು. ಆದರೆ ನಾನು ಹೇಳಬೇಕಿರುವುದು ಮೆಡಿಕಲ್ ಫಿಸಿಸಿಸ್ಟ್ ಮೇಡಂ ಬಗ್ಗೆ. ಇಂಥ ಕೆಲಸ ಇದೆ ಅಂತಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ ಅಲ್ವಾ? ದಿನಕ್ಕೆ 2 ಗ್ರೇ (ರೇಡಿಯೇಶನ್ ಡೋಸ್ ಅಳೆಯುವ ಮಾನ) ಅಂತ ಡಾಕ್ಟರು ಬರೆಯುತ್ತಾರೆ. ಅದು ಗಡ್ಡೆಗೇ ಬೀಳಬೇಕು, ಪಕ್ಕದ ಬೆನ್ನುಹುರಿಗೆ, ಜೊಲ್ಲು ಗ್ರಂಥಿಗೆ ಆದಷ್ಟು ಕಡಿಮೆ ತಾಗಬೇಕು ಅಂತ ಸಿಟಿ ಸ್ಕ್ಯಾನ್ ಮೇಲೆ ಕಿರಣದ ದಿಕ್ಕು, ಆಕಾರ ಎಲ್ಲ ಲೆಕ್ಕ ಹಾಕುವುದು ಇವರು.

ಬಿಸಿನೀರಲ್ಲಿ ಮೆತ್ತಗಾದ ಜಾಲರಿ ಹಾಳೆಯನ್ನು ಮುಖಕ್ಕೆ ಒತ್ತಿ ಮಾಸ್ಕ್ ಮಾಡುವಾಗ ಕಾಕಾ ಗಾಬರಿಯಾದರು. ಮೇಡಂ ಕೈ ಹಿಡಿದು, "ಕಾಕಾ, ಸ್ವಲ್ಪ ಅಲುಗಿದರೂ ಲೆಕ್ಕ ಕೆಡುತ್ತದೆ, ಅದಕ್ಕೇ ಇದು" ಅಂದರು.

ಬೆಳಿಗ್ಗೆ ಮೊದಲ ಪೇಷಂಟ್ ಹೋಗುವ ಮುಂಚೆ ಮಷೀನಿನ ಡೋಸ್ ಅಳೆದು ನೋಡುತ್ತಾರೆ. ಒಂದು ದಿನ ಅಳತೆ ಹೊಂದಲಿಲ್ಲ, ಸರಿಯಾಗುವವರೆಗೆ ಯಾರನ್ನೂ ಒಳಗೆ ಬಿಡಲಿಲ್ಲ. ಹೊರಗೆ ಜನ ಗೊಣಗಿದರು. ನನಗೆ ಮಾತ್ರ ಅವತ್ತೇ ನಂಬಿಕೆ ಬಂತು. ಎಇಆರ್‌ಬಿ (ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನಿಯಮದಲ್ಲೂ ಫಿಸಿಸಿಸ್ಟ್ ಇಲ್ಲದೆ ಈ ಚಿಕಿತ್ಸೆ ನಡೆಸುವಂತಿಲ್ಲ.

ಕೊರತೆ ಅಂದರೆ ಕಾಯುವ ಜಾಗ. ನಮ್ಮ ಕಡೆಯ ಮೇ ಬಿಸಿಲಿಗೆ ಎರಡು ಫ್ಯಾನ್ ಎಲ್ಲಿ ಸಾಕು, ಕೂಲರ್ ಹಾಕಿಸಲಿ. ರೇಡಿಯೇಶನ್ ಹೇಗೆ ಕೊಡುತ್ತಾರೆ ಅನ್ನುವ ಪ್ಲಾನ್ ಬಗ್ಗೆ ಅನುಮಾನ ಇದ್ದರೆ ಸುಮ್ನೆ ಇರಬೇಡಿ, ಫಿಸಿಸಿಸ್ಟ್ ಜೊತೆ ಮಾತಾಡಬೇಕು ಅಂತ ಕೇಳಿ.