ಮೂರು ಮಳೆಗಾಲ ಉರಿದ ಗ್ರೋ ಲೈಟ್: ಮಲೆನಾಡಿನ ಮನೆಯೊಳಗೆ ತರಕಾರಿ ಸಸಿ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜುಲೈ ಹಿಡಿಯಿತೆಂದರೆ ದಿನಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಅಂಗಳದಲ್ಲಿ ಪ್ಲಾಸ್ಟಿಕ್ ಹೊದಿಸಿಟ್ಟ ಟೊಮೆಟೊ ಸಸಿ ಬೆಳಕು ಸಾಲದೆ ಸಣಕಲಾಗಿ ಎತ್ತರಕ್ಕೆ ಎಳೆಯುತ್ತದೆ, ಎರಡೆಲೆಯಲ್ಲೇ ವಾಲುತ್ತದೆ, ಆಮೇಲೆ ಬುಡ ಕೊಳೆಯುತ್ತದೆ. ಈ ಒಂದು ತೊಂದರೆಗಾಗಿಯೇ ಮನೆಯೊಳಗೆ ಗ್ರೋ ಲೈಟ್, ಅಂದರೆ ಬಿಸಿಲಿನ ಬದಲು ಗಿಡಕ್ಕೆ ಬೆಳಕು ಕೊಡುವ ದೀಪ, ಬೇಕಾಗುವುದು. ಕಡೂರು, ಅರಸೀಕೆರೆಯ ಬಯಲು ಸೀಮೆಯವರಿಗೆ ನೆರಳು ಪರದೆಯೇ ಸಾಕು, ದುಡ್ಡು ಹಾಕಬೇಡಿ. ಕಾಫಿ ಸಸಿಗೂ ಕಾಳುಮೆಣಸಿನ ಬಳ್ಳಿಗೂ ಇದು ಬೇಡ, ಅವು ನೆರಳಲ್ಲೇ ಚೆನ್ನಾಗಿ ಬರುತ್ತವೆ.

ಇಲ್ಲಿ ಹೇಳುತ್ತಿರುವುದು ಆನ್‌ಲೈನಿನಲ್ಲಿ ಹಲವು ಹೆಸರುಗಳಲ್ಲಿ ಸಿಗುವ ಒಂದೇ ಬಗೆಯ ಸೆಟ್ ಬಗ್ಗೆ: 100 ವಾಟ್‌ನ ಬಿಳಿ ಎಲ್‌ಇಡಿ ಬೋರ್ಡ್ (ನಡುನಡುವೆ 660 ನ್ಯಾನೊಮೀಟರ್‌ನ ಕೆಂಪು ಡಯೋಡ್), 60 ಸೆಂ.ಮೀ. ಚದರದ ಬೆಳ್ಳಿ ಒಳಮೈಯ ಟೆಂಟ್, ಪಿನ್ ಒತ್ತುವ ಟೈಮರ್, ಒಂದು ಪುಟ್ಟ ಫ್ಯಾನ್. ಮೂರು ಮಳೆಗಾಲದ ಬಳಕೆಯ ಮೇಲೆ ಹೇಳುವುದಾದರೆ, ದೀಪ ಒಳ್ಳೆಯದು, ಟೆಂಟ್ ಪರವಾಗಿಲ್ಲ, ಟೈಮರ್ ಬದಲಾಯಿಸಲೇಬೇಕು, ದಿನಕ್ಕೆ ಎಷ್ಟು ಗಂಟೆ ದೀಪ ಉರಿಸಬೇಕೆಂದು ಹೇಳುವ, ಜೊತೆಗೆ ಬರುವ ಚಾರ್ಟನ್ನು ಪಾಲಿಸಲೇಬಾರದು.

ಚಾರ್ಟಿನಿಂದಲೇ ಶುರು ಮಾಡೋಣ, ಹೊಸಬರ ಸಸಿ ಹೆಚ್ಚು ಕೆಡುವುದು ಅದರಿಂದಲೇ. ಈ ದೀಪ, ಟೆಂಟ್‌ಗಳನ್ನು ಹೊರದೇಶಗಳಲ್ಲಿ ಬಹುಪಾಲು ಕೊಳ್ಳುವವರು ಗಾಂಜಾ ಬೆಳೆಯುವವರು. ಬೋರ್ಡಿನ ಮೇಲಿನ ‘ವೆಜ್’ (ಎಲೆ ಬೆಳೆಯುವ ಹಂತ), ‘ಬ್ಲೂಮ್’ (ಹೂ ಬಿಡುವ ಹಂತ) ಗುಂಡಿಗಳೂ, ದಿನಕ್ಕೆ 18 ಗಂಟೆ, ಕೆಲವದರಲ್ಲಿ 24 ಗಂಟೆ ದೀಪ ಉರಿಸಿ ಎಂಬ ಸೂಚನೆಯೂ ಆ ಗಿಡದ ಲೆಕ್ಕದವು. ನಮ್ಮಲ್ಲಿ ಅದನ್ನು ಬೆಳೆಯುವುದು 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧ, ಆ ಮಾತು ಅಲ್ಲಿಗೆ ಬಿಡೋಣ. ಆದರೆ ಅದೇ ಚಾರ್ಟನ್ನು ಟೊಮೆಟೊಗೆ ಹಚ್ಚಿದರೆ ಏನಾಗುತ್ತದೆ? ಟೊಮೆಟೊಗೆ ಕತ್ತಲು ಬೇಕು. ರಾತ್ರಿಯಿಡೀ ದೀಪ ಉರಿದರೆ ಎಲೆಯ ನರಗಳ ನಡುವೆ ಹಳದಿ ಮಚ್ಚೆ ಎದ್ದು ಸಸಿ ಅಲ್ಲೇ ನಿಂತುಬಿಡುತ್ತದೆ. ಅದನ್ನು ಗೊಬ್ಬರದ ಕೊರತೆ ಎಂದುಕೊಂಡು ಇನ್ನಷ್ಟು ಗೊಬ್ಬರ ಹಾಕುವವರೇ ಹೆಚ್ಚು. ಟೊಮೆಟೊ, ಹಸಿಮೆಣಸು, ದೊಣ್ಣೆ ಮೆಣಸಿನಕಾಯಿ, ಬದನೆ, ಯಾವುದಕ್ಕೂ 14 ಗಂಟೆ ಸಾಕು, 16 ದಾಟಬೇಡಿ.

ಎಷ್ಟು ಬೆಳಕು ಎನ್ನುವುದಕ್ಕೆ ಮೊಬೈಲಿನಲ್ಲಿ ಲಕ್ಸ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ತೋರಿಸುವ ಆ್ಯಪ್ ಒಂದಿದ್ದರೆ ಆಯಿತು. ಬಿಳಿ ಎಲ್‌ಇಡಿಯ ಲಕ್ಸನ್ನು 70ರಿಂದ ಭಾಗಿಸಿದರೆ ಗಿಡಕ್ಕೆ ಸಲ್ಲುವ ಬೆಳಕಿನ ಅಂದಾಜು ಸಿಗುತ್ತದೆ, ಅದರ ಅಳತೆಯೇ ಮೈಕ್ರೋಮೋಲ್. ಮೊಳಕೆ ಎದ್ದ ಮೊದಲ ವಾರ 150 ಮೈಕ್ರೋಮೋಲ್, ಅಂದರೆ ಸುಮಾರು 10,500 ಲಕ್ಸ್. ನಿಜ ಎಲೆ (ಮೊಳಕೆಯ ಮೊದಲ ಎರಡೆಲೆಯ ನಂತರ ಬರುವ ಎಲೆ) ಎರಡು ಬಂದ ಮೇಲೆ 200, ಅಂದರೆ 14,000 ಲಕ್ಸ್. ಫೋನನ್ನು ಟ್ರೇ ಮೇಲೆ ಮುಖ ಮೇಲಾಗಿ ಮಲಗಿಸಿ ನಡುವೆ ಒಮ್ಮೆ, ನಾಲ್ಕು ಮೂಲೆಯಲ್ಲಿ ಒಮ್ಮೊಮ್ಮೆ ನೋಡಿ. ಈ ಬೋರ್ಡನ್ನು ಸಸಿಯ ತುದಿಯಿಂದ 45 ಸೆಂ.ಮೀ. ಎತ್ತರದಲ್ಲಿ ಕಟ್ಟಿ, ಬೆಳಕು ಕಮ್ಮಿ ಮಾಡುವ ಗುಂಡಿಯನ್ನು ಶೇ. 40ಕ್ಕೆ ಇಟ್ಟರೆ ನಡುವಿನ ಬೆಳಕು ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಪೂರ್ತಿ ತಿರುಗಿಸಿದರೆ ಎಳೆ ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿಕೊಂಡು ಬಣ್ಣ ಬಿಳಚುತ್ತದೆ. ಮೂಲೆಯ ಸಸಿಗಳಿಗೆ ಯಾವಾಗಲೂ ಬೆಳಕು ಕಮ್ಮಿ, ಆದ್ದರಿಂದ ಎರಡು ದಿನಕ್ಕೊಮ್ಮೆ ಟ್ರೇಯನ್ನು ತಿರುಗಿಸಿಡಿ.

ಖರೀದಿಸುವಾಗ ಡಬ್ಬಿಯ ಮೇಲಿನ ‘1000 ವಾಟ್’ ಅಕ್ಷರ ನಂಬಬೇಡಿ. ಪ್ಲಗ್‌ನಿಂದ ನಿಜಕ್ಕೂ ಎಷ್ಟು ವಾಟ್ ಎಳೆಯುತ್ತದೆ ಎನ್ನುವುದು ಡ್ರೈವರ್‌ನ (ಎಲ್‌ಇಡಿಗೆ ತಕ್ಕ ಕರೆಂಟು ಕೊಡುವ ಪೆಟ್ಟಿಗೆ) ಚೀಟಿಯಲ್ಲಿರುತ್ತದೆ, ಅದೇ ಲೆಕ್ಕ. ಬರೀ ನೇರಳೆ ಬೆಳಕು ಕೊಡುವ ಹಳೆಯ ಬಗೆಯೂ ಬೇಡ: ಆ ಬಣ್ಣದಲ್ಲಿ ಎಲೆ ಹಳದಿಯೋ ಹಸಿರೋ ಕಣ್ಣಿಗೆ ತಿಳಿಯುವುದೇ ಇಲ್ಲ, ರೋಗ ಕಾಣುವ ಹೊತ್ತಿಗೆ ಅರ್ಧ ಟ್ರೇ ಹೋಗಿರುತ್ತದೆ.

ಈ ಟೆಂಟಿನೊಳಗೆ 98 ಗುಳಿಯ ಪ್ರೋ ಟ್ರೇ ಎರಡು ಪಕ್ಕಪಕ್ಕ ಕೂರುತ್ತವೆ, ಅಂದರೆ ಒಂದು ಬಾರಿಗೆ 196 ಸಸಿ. ಟ್ರೇ ಒಂದಕ್ಕೆ 1.2 ಕೆ.ಜಿ. ಸಿದ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಬೇಕು. ಇಟ್ಟಿಗೆ ಕೋಕೋಪೀಟ್ ಆದರೆ ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪಿನಂಶ ಹೋಗಲಾಡಿಸಿ. ತೊಳೆಯದೆ ಬಿತ್ತಿದರೆ ಮೊಳಕೆಯ ಬೇರಿನ ತುದಿ ಕಂದಾಗುತ್ತದೆ. ತೊಳೆದದ್ದನ್ನು ಮುಷ್ಟಿಯಲ್ಲಿ ಹಿಂಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಬರಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಮೈಕ್ರೋಬಿಯಲ್ ಕನ್ಸಾರ್ಷಿಯಂ ಎಂಬ ಜೀವಾಣು ಗೊಬ್ಬರ ಸಿಕ್ಕರೆ ಕೆ.ಜಿ.ಗೆ 10 ಗ್ರಾಂ ಬೆರೆಸಿ. ಮಲೆನಾಡಿನಲ್ಲಿ ದುಂಡಾಣು ಸೊರಗು ರೋಗದ ಕಾಟ ಇರುವುದರಿಂದ ಟೊಮೆಟೊದಲ್ಲಿ ಅದೇ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ರೋಗ ತಡೆಯುವ ತಳಿಗೇ ಜಾಗ ಕೊಡುವುದು ಜಾಣತನ.

ಬೀಜವನ್ನು ಅರ್ಧ ಸೆಂ.ಮೀ. ಆಳಕ್ಕೆ, ಗುಳಿಗೊಂದರಂತೆ ಹಾಕಿ. ಮೊಳಕೆ ಒಡೆಯಲು ಬೆಳಕು ಬೇಡ, ಬೆಚ್ಚಗಿದ್ದರೆ ಸಾಕು. ಮಳೆಗಾಲದಲ್ಲಿ ಮನೆಯೊಳಗೇ 20 ಡಿಗ್ರಿ ಆಸುಪಾಸು ಇದ್ದಾಗ ಮೆಣಸಿನ ಬೀಜ ಎರಡು ವಾರ ಮಲಗಿಬಿಡುತ್ತದೆ. 28 ಡಿಗ್ರಿ ಸಿಕ್ಕರೆ ಎಂಟು ಹತ್ತು ದಿನಕ್ಕೆ ಏಳುತ್ತದೆ. ಇದಕ್ಕಾಗಿ ವಿದ್ಯುತ್ ಮ್ಯಾಟ್ ಕೊಳ್ಳುವ ಮುಂಚೆ ಬಚ್ಚಲ ಒಲೆಯ ಪಕ್ಕದ ಕಟ್ಟೆ ನೋಡಿ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಒಲೆಯಿಂದ ಕೈ ಇಟ್ಟರೆ ಹಿತವಾಗಿ ಬೆಚ್ಚಗೆನ್ನುವಷ್ಟು ದೂರದಲ್ಲಿಟ್ಟರೆ ಮ್ಯಾಟ್ ಮಾಡುವ ಕೆಲಸವೇ ಆಗುತ್ತದೆ. ಆದರೆ ಮೂರನೇ ದಿನದಿಂದ ಬೆಳಿಗ್ಗೆ ಸಂಜೆ ತೆಗೆದು ನೋಡಲೇಬೇಕು. ಬಿಳಿ ಕಾಂಡ ಕೊಕ್ಕೆಯಂತೆ ಬಾಗಿ ಕೋಕೋಪೀಟ್ ಸೀಳಿ ಹೊರಬಂದ ಕೂಡಲೇ ದೀಪದಡಿ ಸೇರಬೇಕು. ಒಂದೇ ರಾತ್ರಿ ತಡವಾದರೂ ಅದು ಸಣಕಲಾಗಿ ಉದ್ದಕ್ಕೆ ಎಳೆದುಬಿಟ್ಟಿರುತ್ತದೆ, ಆಮೇಲೆ ಎಷ್ಟು ಬೆಳಕು ಕೊಟ್ಟರೂ ಕಾಂಡ ಗಿಡ್ಡವಾಗುವುದಿಲ್ಲ. ಬೀಜದ ಸಿಪ್ಪೆ ಎಲೆಗೆ ಟೋಪಿಯಂತೆ ಕಚ್ಚಿಕೊಂಡಿದ್ದರೆ ಕೀಳಬೇಡಿ, ನೀರಿನ ಹನಿ ಮುಟ್ಟಿಸಿ ಅರ್ಧ ಗಂಟೆ ಬಿಟ್ಟರೆ ತಾನೇ ಜಾರುತ್ತದೆ.

ನೀರಿನ ವಿಷಯಕ್ಕೆ ಬಂದರೆ, ಟೆಂಟಿನೊಳಗಿನ ಸಸಿ ಸಾಯುವುದು ಒಣಗಿ ಅಲ್ಲ, ಕೊಳೆತು. ಟ್ರೇ ಎತ್ತಿ ತೂಕ ನೋಡುವ ಅಭ್ಯಾಸ ಮಾಡಿಕೊಳ್ಳಿ: ನೀರು ಕುಡಿದ ಟ್ರೇಯ ಭಾರ ಒಮ್ಮೆ ಕೈಗೆ ಗೊತ್ತಾದರೆ, ಅದರ ಅರ್ಧಕ್ಕೆ ಇಳಿದಾಗ ಮತ್ತೆ ನೀರು. ಬೆಳಿಗ್ಗೆಯೇ ಹಾಕಿ, ರಾತ್ರಿಗೆ ಮೇಲ್ಮೈ ಆರಿರಬೇಕು. ಬುಡ ಕೊಳೆ ಶುರುವಾಗುವುದನ್ನು ಹತ್ತಿರದಿಂದ ನೋಡಿದರೆ ತಪ್ಪುವುದಿಲ್ಲ: ಕೋಕೋಪೀಟ್ ಮುಟ್ಟುವ ಜಾಗದಲ್ಲಿ ಕಾಂಡ ಬಿಸಿನೀರು ಸೋಕಿದಂತೆ ಗಾಜಿನ ಬಣ್ಣಕ್ಕೆ ತಿರುಗಿ, ದಾರದಷ್ಟು ಸಣ್ಣಗಾಗಿ, ಎಲೆ ಹಸಿರಾಗಿರುವಾಗಲೇ ಸಸಿ ಅಡ್ಡ ಬೀಳುತ್ತದೆ. ಬಿದ್ದದ್ದನ್ನು ಗುಳಿಯ ಕೋಕೋಪೀಟ್ ಸಮೇತ ತೆಗೆದು ಬಿಸಾಡಿ. ಸುತ್ತಲಿನ ಗುಳಿಗಳಿಗೆ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಕಲಸಿ ಬುಡಕ್ಕೆ ಸುರಿಯಿರಿ. ತಾಮ್ರ ಬಿದ್ದಲ್ಲಿ ಮೊದಲು ಬೆರೆಸಿದ ಜೀವಾಣು ಉಳಿಯುವುದಿಲ್ಲ, ಹಾಗಾಗಿ ಮುನ್ನೆಚ್ಚರಿಕೆಗೆಂದು ಎಲ್ಲ ಕಡೆ ಸುರಿಯಬೇಡಿ. ಮಳೆಗಾಲದಲ್ಲಿ ಟೆಂಟಿನ ಜಿಪ್ ಮುಚ್ಚಲೇಬಾರದು. ಫ್ಯಾನ್ ಹಗಲೂ ರಾತ್ರಿ ಓಡಲಿ, ಆದರೆ ಎಲೆ ಸಣ್ಣಗೆ ಅಲುಗಿದರೆ ಸಾಕು. ಗಾಳಿ ಕಟ್ಟಿ ತೇವ ಹೆಚ್ಚಾದರೆ ಟೊಮೆಟೊ ಎಲೆಯ ಅಡಿಯಲ್ಲಿ ಉಪ್ಪಿನ ಹರಳಿನಷ್ಟು ಗುಳ್ಳೆಗಳು ಏಳುತ್ತವೆ. ಅದು ರೋಗವಲ್ಲ, ಔಷಧಿ ಹೊಡೆಯಬೇಡಿ, ನೀರು ತಗ್ಗಿಸಿ ಗಾಳಿ ಹೆಚ್ಚಿಸಿ.

ಗೊಬ್ಬರ ಸರಳ: ಮೊದಲ ನಿಜ ಎಲೆ ಬಿಡಿಸಿದ ಮೇಲೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರುವ, ನೀರಲ್ಲಿ ಕರಗುವ ಗೊಬ್ಬರ) ಲೀಟರಿಗೆ 1 ಗ್ರಾಂ, ವಾರಕ್ಕೊಮ್ಮೆ. ಡಿಸೆಂಬರ್ ಚಳಿಯಲ್ಲಿ ಟೊಮೆಟೊ ಎಲೆಯ ಅಡಿ ನೇರಳೆಯಾದರೆ ರಂಜಕ ಇಲ್ಲವೆಂದಲ್ಲ, ಬೇರು ತಣ್ಣಗಾಗಿ ಅದನ್ನು ಎಳೆದುಕೊಳ್ಳಲಾಗುತ್ತಿಲ್ಲ ಎಂದರ್ಥ.

ಈಗ ಕೈಕೊಟ್ಟ ಭಾಗಗಳು. ಪಿನ್ ಟೈಮರ್ ಕರೆಂಟಿನಿಂದಲೇ ತಿರುಗುವ ಗಡಿಯಾರ; ಮಳೆಗಾಲದಲ್ಲಿ ಐದು ಗಂಟೆ ಕರೆಂಟು ಹೋದರೆ ಐದು ಗಂಟೆ ಹಿಂದೆ ಬೀಳುತ್ತದೆ. ಒಂದು ವಾರದಲ್ಲಿ ಹಗಲು ರಾತ್ರಿ ಅದಲುಬದಲಾಗಿರುತ್ತದೆ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ. ಎರಡನೇ ಮಳೆಗಾಲದಲ್ಲಿ ಬೆಳಕು ಕಮ್ಮಿ ಮಾಡುವ ಗುಂಡಿಯ ಒಳಗೆ ತೇವದಿಂದ ಕಿಲುಬು ಹಿಡಿದು ದೀಪ ಮಿಣುಕತೊಡಗಿತು. ಪ್ಲಗ್ ಕಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಹತ್ತಾರು ಸಲ ತಿರುಗಿಸಿದರೆ ಸರಿಹೋಗುತ್ತದೆ. ಮೂರನೇ ಮಳೆಗಾಲದಲ್ಲಿ ಹೋದದ್ದು ಡ್ರೈವರ್. ಮಾರಿದವರು ವಾರಂಟಿಗೆ ಸ್ಪಂದಿಸಲೇ ಇಲ್ಲ, ಇದು ನಿಜಕ್ಕೂ ಬೇಸರದ ವಿಷಯ. ಡಯೋಡ್‌ಗಳು ಚೆನ್ನಾಗಿದ್ದರೆ ಡ್ರೈವರ್ ಮಾತ್ರ ಬದಲಾಯಿಸಬಹುದು: ಹಳೆಯದರ ಚೀಟಿಯಲ್ಲಿರುವ ಮಿಲಿಆಂಪಿಯರ್ ಮತ್ತು ವೋಲ್ಟ್ ವ್ಯಾಪ್ತಿ ಎರಡೂ ಹೊಂದುವಂಥದ್ದೇ ಬೇಕು, ವಾಟ್ ಒಂದೇ ನೋಡಿ ತರಬೇಡಿ. ಗುಡುಗಿನ ಸದ್ದು ಕೇಳಿದೊಡನೆ ಪ್ಲಗ್ ಕಿತ್ತಿಡಿ. ವೈರು ಪ್ಲಗ್‌ಗಿಂತ ಕೆಳಗೆ ಜೋತು ಮತ್ತೆ ಮೇಲೇರಲಿ, ಟ್ರೇಯಿಂದ ಹರಿದ ನೀರು ಸಾಕೆಟ್ ಸೇರದೆ ಅಲ್ಲೇ ತೊಟ್ಟಿಕ್ಕುತ್ತದೆ. ನೀರು ಹಾಕುವ ಜಾಗವಾದ್ದರಿಂದ ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಲೈನು ಕಡಿಯುವ ಸ್ವಿಚ್) ಇರಲೇಬೇಕು.

ಕರೆಂಟ್ ಖರ್ಚು: ಶೇ. 40ರಲ್ಲಿ 14 ಗಂಟೆ ಉರಿದರೆ ದಿನಕ್ಕೆ 0.56 ಯೂನಿಟ್, 5 ವಾಟ್ ಫ್ಯಾನ್ ಸೇರಿ 28 ದಿನಕ್ಕೆ ಸುಮಾರು 19 ಯೂನಿಟ್. ಗೃಹಜ್ಯೋತಿಯಲ್ಲಿ ಇರುವವರು ಗಮನಿಸಬೇಕು, ಹಾಸನದ ಸೆಸ್ಕ್ ಆಗಲಿ ಚಿಕ್ಕಮಗಳೂರಿನ ಮೆಸ್ಕಾಂ ಆಗಲಿ, ನಿಮ್ಮ ಮನೆಗೆ ಗೊತ್ತುಮಾಡಿದ ಮಿತಿಯ ಮೇಲೆ ಉರಿದ ಯೂನಿಟ್ಟಿಗೆ ಬಿಲ್ ಬರುತ್ತದೆ.

ಟೊಮೆಟೊ 25–30 ದಿನಕ್ಕೆ, ಮೆಣಸು 35–45 ದಿನಕ್ಕೆ ನಾಟಿಗೆ ಸಿದ್ಧ. ಒಳಗೆ ಬೆಳೆದ ಸಸಿಯ ಎಲೆ ತೀರ ಮೆತ್ತಗಿರುತ್ತದೆ, ನೇರ ಬಿಸಿಲಿಗಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಸುಟ್ಟು ಬಿಳಿಯಾಗುತ್ತದೆ. ಮೊದಲ ದಿನ ಜಗಲಿಯ ನೆರಳಲ್ಲಿ ಎರಡು ಗಂಟೆ, ಮಾರನೆಯ ದಿನ ನಾಲ್ಕು, ನಾಲ್ಕನೇ ದಿನದಿಂದ ಶೇ. 50ರ ನೆರಳು ಪರದೆಯಡಿ ಹಗಲಿಡೀ, ಏಳನೇ ದಿನಕ್ಕೆ ರಾತ್ರಿಯೂ ಹೊರಗೆ. ಮಳೆ ಬಿಡುವು ಕೊಟ್ಟ ಸಂಜೆಯಲ್ಲಿ ನಾಟಿ ಮಾಡಿ.