ಶನಿವಾರದ ಶಿಷ್ಯತ್ವ ತರಗತಿ: ಪಾಠ ಚೆನ್ನ, ಕ್ರಮ ತಲೆಕೆಳಗು

ಬಳ್ಳಾರಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಶನಿವಾರ ಸಂಜೆ ನಡೆಯುವ, ಯೇಸುವಿನ ದಾರಿಯಲ್ಲಿ ನಡೆಯಲು ಕಲಿಸುವ ಶಿಷ್ಯತ್ವ ತರಗತಿಗೆ ಹೆಸರು ಕೊಡಬಹುದೇ ಎಂದು ಜೊತೆಯಲ್ಲಿ ಜೀನ್ಸ್ ಹೊಲಿಯುವವರು ಕೇಳುತ್ತಿರುತ್ತಾರೆ. ಧಾರಾಳವಾಗಿ ಕೊಡಿ. ಅಲ್ಲಿ ಕೊಡುವ ಪಾಠದ ಪುಸ್ತಕವನ್ನು ಮಾತ್ರ ಹಿಂದಿನಿಂದ ಓದಿ.

ಯೇಸುವಿನ ಶುಭಸುದ್ದಿ ಸಾರುವ ಸುವಾರ್ತಾ ಕೂಟಗಳಿಗೆ ಇಲ್ಲಿ ಬರವಿಲ್ಲ. ಶಾಮಿಯಾನ, ಧ್ವನಿವರ್ಧಕ, ಕೊನೆಯಲ್ಲಿ ನಂಬುತ್ತೇನೆಂದು ಕೈ ಎತ್ತಿದವರ ಹೆಸರು ಬರೆದುಕೊಳ್ಳುವ ಚೀಟಿ. ಆ ಚೀಟಿ ಆಮೇಲೆ ಯಾರ ಜೇಬಿನಲ್ಲಿ ಉಳಿಯುತ್ತದೆಯೋ! ಈ ತರಗತಿಯಲ್ಲಿ ಹಾಗಲ್ಲ. ಹೊಸಬರೊಬ್ಬರಿಗೆ ಹಳಬರೊಬ್ಬರನ್ನು ಜೊತೆ ಮಾಡುತ್ತಾರೆ. ಬೈಬಲಿನಲ್ಲಿ ಪ್ರಿಸ್ಕಿಲ್ಲ ಮತ್ತು ಅಕ್ವಿಲ್ಲ ದಂಪತಿ ಬೋಧಕ ಅಪೊಲ್ಲೋಸನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಬಿಡಿಸಿ ಹೇಳಿದ ರೀತಿಯೇ ಇದು.

ನನ್ನ ಪಾಲಿಗೆ ಬಂದವಳು ಘಟಕದಲ್ಲಿ ದಾರ ಕತ್ತರಿಸುವ ಕೆಲಸದವಳು. ಓದು ಬಾರದು. ಬೈಬಲಿನ ಮಾರ್ಕನ ಸುವಾರ್ತೆಯನ್ನು ನಾನು ಓದುತ್ತಿದ್ದರೆ ನಡುವೆ ತಡೆದು, "ಅಕ್ಕಾ, ಸಂಘದ ಕಂತಿಗೆ ದುಡ್ಡಿಲ್ಲದಾಗ ಊರಿನಲ್ಲಿಲ್ಲ ಎಂದು ಹೇಳಿಸಿದರೆ ಪಾಪವೇ?" ಎಂದು ಕೇಳಿದಳು. ಪುಸ್ತಕದಲ್ಲಿ ಅದಕ್ಕೆ ಉತ್ತರವಿಲ್ಲ. ಆ ಸಂಜೆ ಅದೇ ಪಾಠವಾಯಿತು.

ನನ್ನ ತಕರಾರು ಪುಸ್ತಕದ ಕ್ರಮದ ಬಗ್ಗೆ. ಹನ್ನೆರಡು ಪಾಠಗಳಲ್ಲಿ ಸುವಾರ್ತೆ ಸಾರುವುದು ಹನ್ನೆರಡನೆಯದು. ಪಾಸಾದವರಿಗೆ ಮಾತ್ರ ಬಾಯಿ ತೆರೆಯಲು ಅನುಮತಿ ಎಂಬಂತೆ. ಬಾವಿಯ ಬಳಿ ಯೇಸುವನ್ನು ಕಂಡ ಸಮಾರ್ಯದ ಹೆಂಗಸು ಯಾವ ಪಾಠ ಮುಗಿಸಿದ್ದಳು? ಕೊಡವನ್ನು ಅಲ್ಲಿಯೇ ಬಿಟ್ಟು ಜನರಿಗೆ ಹೇಳಲು ಊರೊಳಗೆ ಹೋದಳು. ದೆವ್ವ ಬಿಟ್ಟವನು ಜೊತೆಗೆ ಬರುತ್ತೇನೆಂದು ಬೇಡಿಕೊಂಡರೂ ಯೇಸುಸ್ವಾಮಿ ಅವನನ್ನು ಮನೆಯವರಿಗೆ ಹೇಳಲು ಕಳುಹಿಸಿದರು. ಹನ್ನೆರಡು ಮಂದಿ ಶಿಷ್ಯರನ್ನೂ ಇಬ್ಬಿಬ್ಬರಾಗಿ ಕಳುಹಿಸಿದ್ದು ಅವರಿಗೆ ಅರ್ಧವೂ ತಿಳಿಯದಿದ್ದಾಗಲೇ. ನನ್ನ ಜೊತೆಗಾರ್ತಿಯೂ ಆರಂಭದ ವಾರಗಳಲ್ಲೇ ಪಕ್ಕದವಳಿಗೆ ಹೇಳಿದಳು; ಆ ಪಕ್ಕದವಳ ಪ್ರಶ್ನೆಗೆ ಉತ್ತರ ತೋಚದೆ ಮರುವಾರ ಬೇಗ ಬಂದು ಕೂತಳು. ಹೇಳಹೊರಟಿದ್ದಕ್ಕೇ ಕಲಿಯುವ ಹಸಿವು ಹುಟ್ಟಿತು. ಮತ್ತಾಯನ ಸುವಾರ್ತೆಯ ಕೊನೆಯ ಆಜ್ಞೆಯಲ್ಲೂ ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಕಲಿಸುವುದು ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ.

ಭಾಷೆ ಇನ್ನೊಂದು ಸಂಕಟ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಲ್ಲಿಯ ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತವರು. ಅಂಥ ಊರಿನಲ್ಲಿ ಹಂಚುವ ಪುಸ್ತಕದಲ್ಲಿ ಹಿಮದ ಮೇಲೆ ಜಾರುವ ಉದಾಹರಣೆ! ಏಪ್ರಿಲ್‌ನ ಸೆಕೆಯಲ್ಲಿ ಅದನ್ನು ಓದಿ ನಾವೆಲ್ಲ ನಕ್ಕೆವು.

ಶುಲ್ಕವಿಲ್ಲ, ಪುಸ್ತಕಕ್ಕೆ 60 ರೂಪಾಯಿ. ಮುಗಿದ ಮೇಲೆ ಚಹಾ, ಒಗ್ಗರಣೆ ಮಂಡಕ್ಕಿ, ಮಿರ್ಚಿ. ಪಾಸ್ಟರಮ್ಮ ಉಪ್ಪಿನಲ್ಲಿ ಜಿಪುಣರಲ್ಲ. ಹೆಸರು ಕೊಡುವಾಗ ಓದು ಬಾರದಿದ್ದರೆ ಮೊದಲೇ ತಿಳಿಸಿ, ಓದಿ ಹೇಳುವವರನ್ನು ಜೊತೆ ಮಾಡುತ್ತಾರೆ.